ಹೆಡ್‌ಸೆಟ್ ಕೊಳ್ಳುವ ಮುನ್ನ ಕೋಣೆ ಸಿದ್ಧವಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಐಟಿಐ ಹಾಗೂ ಪಾಲಿಟೆಕ್ನಿಕ್‌ಗಳಲ್ಲಿ ತಲೆಗೆ ಧರಿಸುವ ಹೆಡ್‌ಸೆಟ್‌ನಲ್ಲಿ ಕೃತಕ ದೃಶ್ಯ ತೋರಿಸುವ ವರ್ಚುವಲ್ ರಿಯಾಲಿಟಿ ಪ್ರಯೋಗಾಲಯ ತೆರೆಯುವ ಉತ್ಸಾಹ ಕಾಣುತ್ತಿರುವುದು ಸ್ವಾಗತಾರ್ಹ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಿಗೆ ಕೆಲಸಕ್ಕೆ ಸೇರುವ ಹುಡುಗರು ಕರಗಿದ ಕಬ್ಬಿಣದ ಎದುರು ನಿಲ್ಲುವ ಮೊದಲೇ ಎಲ್ಲಿ ಹೆಜ್ಜೆ ಇಡಬೇಕು, ಲೋಹ ಹೊಯ್ಯುವ ಸೌಟಾದ ಲ್ಯಾಡಲ್ ಎಷ್ಟು ಬಾಗಿಸಬೇಕು ಎಂಬುದನ್ನು ಅಪಾಯವಿಲ್ಲದೆ ರೂಢಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನ ಸದ್ಯಕ್ಕಿಲ್ಲ. ಆದರೆ ಖರೀದಿಯ ಪಟ್ಟಿಯಲ್ಲಿ ಹೆಡ್‌ಸೆಟ್‌ಗಳ ಸಂಖ್ಯೆಯನ್ನಷ್ಟೇ ಬರೆದು, ಅವು ಬಳಕೆಯಾಗುವ ಕೋಣೆಯನ್ನೂ ಚಲನೆಯನ್ನು ಗುರುತಿಸುವ ಟ್ರ್ಯಾಕಿಂಗ್ ಉಪಕರಣವನ್ನೂ ಮರೆತರೆ, ಹಣ ಖರ್ಚಾಗುತ್ತದೆಯೇ ಹೊರತು ಕಲಿಕೆ ಆಗುವುದಿಲ್ಲ.

ತೀರ ಅಗ್ಗದ ಹೆಡ್‌ಸೆಟ್‌ಗಳು ತಲೆ ಯಾವ ಕಡೆ ತಿರುಗಿತು ಎಂಬುದನ್ನು ಮಾತ್ರ ಅರಿಯುತ್ತವೆ. ಒಂದು ಹೆಜ್ಜೆ ಮುಂದಿಟ್ಟರೂ, ಬಗ್ಗಿ ನೋಡಿದರೂ ದೃಶ್ಯ ಇದ್ದಲ್ಲಿಯೇ ಇರುತ್ತದೆ. ಒಳಗಿನ ಸೆನ್ಸರ್ ವೇಗೋತ್ಕರ್ಷವನ್ನು ಅಳೆಯುತ್ತದೆ, ನಿಜ. ಆದರೆ ಅದರಿಂದ ವೇಗವನ್ನು, ವೇಗದಿಂದ ಸ್ಥಾನವನ್ನು ಲೆಕ್ಕ ಹಾಕುವಾಗ ಸಣ್ಣ ದೋಷವೂ ಕೆಲವೇ ಕ್ಷಣಗಳಲ್ಲಿ ದೊಡ್ಡದಾಗಿಬಿಡುತ್ತದೆ. ಎರಕ ಹೊಯ್ಯುವ ಕೆಲಸವನ್ನು ನಡೆದಾಡುತ್ತ ಕಲಿಯಬೇಕಾದವರಿಗೆ ಇಂಥದ್ದನ್ನು ಕೊಟ್ಟರೆ ಅದು ಸುತ್ತಲೂ ತಿರುಗಿ ನೋಡುವ ವಿಡಿಯೊ ಅಷ್ಟೇ ಆಗುತ್ತದೆ.

ಈ ಕೊರತೆ ನೀಗಲು ಎರಡು ದಾರಿಗಳಿವೆ. 2016ರಲ್ಲಿ ಬಂದ ಎಚ್‌ಟಿಸಿ ವೈವ್ ಹೆಡ್‌ಸೆಟ್‌ನಲ್ಲಿ ಕೋಣೆಯ ಎದುರುಬದುರು ಮೂಲೆಗಳಲ್ಲಿ ಬೇಸ್ ಸ್ಟೇಷನ್ ಎಂಬ ಎರಡು ಪೆಟ್ಟಿಗೆಗಳನ್ನು ಕೂರಿಸುತ್ತಾರೆ. ಅದರ ಮೊದಲ ಪೀಳಿಗೆಯ ಪೆಟ್ಟಿಗೆಯೊಳಗೆ ಸೆಕೆಂಡಿಗೆ 60 ಸುತ್ತು ತಿರುಗುವ ಎರಡು ರೋಟರ್‌ಗಳು ಒಂದು ಅಡ್ಡಲಾಗಿ, ಇನ್ನೊಂದು ಲಂಬವಾಗಿ ಅವಗೆಂಪು ಲೇಸರ್ ಗೆರೆಯನ್ನು ಕೋಣೆಯ ತುಂಬ ಹಾಯಿಸುತ್ತವೆ. ಹೆಡ್‌ಸೆಟ್‌ನ ಮೈಮೇಲಿರುವ 32 ಸೆನ್ಸರ್‌ಗಳಿಗೆ ಮೊದಲು ಪೆಟ್ಟಿಗೆಯಿಂದ ಒಂದು ಬೆಳಕಿನ ಮಿಂಚು, ಬಳಿಕ ಈ ಗೆರೆ ತಾಗುತ್ತದೆ. ನಡುವಿನ ಸಮಯದಿಂದ ಕೋನವೂ, ಕೋನಗಳಿಂದ ಸ್ಥಾನವೂ ಸಿಗುತ್ತದೆ. 2019ರಲ್ಲಿ ಬಂದ ಆಕ್ಯುಲಸ್ ಕ್ವೆಸ್ಟ್‌ನಂಥವುಗಳಲ್ಲಿ ಹೊರಗಿನ ಪೆಟ್ಟಿಗೆಗಳಿಲ್ಲ, ಹೆಡ್‌ಸೆಟ್‌ಗೆ ಜೋಡಿಸಿದ ನಾಲ್ಕು ಕ್ಯಾಮೆರಾಗಳೇ ಸುತ್ತಲಿನ ಗುರುತುಗಳನ್ನು ಹಿಡಿದು ಸ್ಥಾನ ಲೆಕ್ಕ ಹಾಕುತ್ತವೆ. ಇವು ವೈವ್‌ಗಿಂತ ಅಗ್ಗ, ಸುಲಭ. ಆದರೆ ಮಬ್ಬು ಬೆಳಕಿನಲ್ಲೂ, ಯಾವ ಗುರುತೂ ಇಲ್ಲದ ಬಿಳಿ ಗೋಡೆಗಳ ನಡುವೆಯೂ ತಡವರಿಸುತ್ತವೆ. ಕೈ ಬೆನ್ನ ಹಿಂದೆ ಹೋದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಸಾಮಾನ್ಯ ತರಗತಿಗೆ ಇದು ಸಾಕು. ಫೌಂಡ್ರಿ ತರಬೇತಿಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ, ಏಕೆಂದರೆ ವೈವ್ ಟ್ರ್ಯಾಕರ್ ಎಂಬ ಸಣ್ಣ ಬಿಲ್ಲೆಯನ್ನು ನಿಜವಾದ ಲ್ಯಾಡಲ್‌ನ ಹಿಡಿಕೆಗೇ ಬಿಗಿದು, ಅದರ ಭಾರವನ್ನು ಕೈಯಲ್ಲಿ ಹೊತ್ತುಕೊಂಡೇ ಅಭ್ಯಾಸ ಮಾಡಬಹುದು.

ಇನ್ನು ಕೋಣೆಯ ಮಾತು. ನಾನು ನೋಡಿದ ಒಂದು ಸಂಸ್ಥೆಯಲ್ಲಿ ಬೇಸ್ ಸ್ಟೇಷನ್‌ಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ಮಗ್ಗುಲಲ್ಲಿ ನಿಂತವರು ಅಡ್ಡ ಬಂದಾಗಲೆಲ್ಲ ವಿದ್ಯಾರ್ಥಿಯ ಕಣ್ಣೆದುರಿನ ದೃಶ್ಯ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನ ಭಾವಚಿತ್ರಗಳ ಸಾಲು, ಕೆಳಗೆ ಮಿರುಗುವ ಸ್ಟೀಲ್ ಕಪಾಟು. ಲೇಸರ್ ಗೆರೆ ಅವುಗಳಿಂದ ಪ್ರತಿಫಲಿಸಿ ಸೆನ್ಸರ್‌ಗಳನ್ನು ದಾರಿ ತಪ್ಪಿಸುತ್ತಿತ್ತು, ಕೈಯಲ್ಲಿದ್ದ ಉಪಕರಣ ದೃಶ್ಯದಲ್ಲಿ ಜಿಗಿಯುತ್ತಿತ್ತು, ವಿದ್ಯಾರ್ಥಿನಿಯೊಬ್ಬಳಿಗೆ ತಲೆ ಸುತ್ತು ಬಂತು. ಯಂತ್ರ ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಚಿತ್ರಗಳನ್ನು ಇಳಿಸಿ, ಕಪಾಟಿಗೆ ಬಟ್ಟೆ ಹೊದಿಸಿ, ಪೆಟ್ಟಿಗೆಗಳನ್ನು ಎರಡು ಮೀಟರಿಗಿಂತ ಎತ್ತರದಲ್ಲಿ, 30ರಿಂದ 45 ಡಿಗ್ರಿ ಕೆಳಮುಖವಾಗಿ ಗೋಡೆಗೆ ಭದ್ರವಾಗಿ ಬಿಗಿದರೆ ಇದೇ ಯಂತ್ರ ಸರಿಯಾಗಿ ನಡೆಯುತ್ತದೆ.

ಆದ್ದರಿಂದ ತಾಂತ್ರಿಕ ಶಿಕ್ಷಣ ಇಲಾಖೆಯೂ ಕಾಲೇಜುಗಳ ಆಡಳಿತ ಮಂಡಳಿಗಳೂ ಟೆಂಡರ್‌ನಲ್ಲಿಯೇ ಕೋಣೆಯ ವಿವರ ಸೇರಿಸಬೇಕೆಂದು ಕೋರುತ್ತೇನೆ. ನಡೆದಾಡಲು ಕನಿಷ್ಠ 2 ಮೀಟರ್ ಉದ್ದ, 1.5 ಮೀಟರ್ ಅಗಲದ ಖಾಲಿ ಜಾಗ ಬೇಕೆಂದು ವೈವ್ ತಯಾರಕರೇ ಹೇಳುತ್ತಾರೆ. ತರಬೇತಿಗೆ ಇದರ ದುಪ್ಪಟ್ಟು ಇದ್ದರೆ ಮೇಲು. ಎತ್ತಿದ ಕೈ ಫ್ಯಾನಿಗೆ ತಾಗಬಾರದು. ನಮ್ಮಲ್ಲಿ ಯುಪಿಎಸ್ ಸಂಪರ್ಕವನ್ನು ಕಂಪ್ಯೂಟರಿಗೆ ಮಾತ್ರ ಕೊಡುವ ರೂಢಿಯಿದೆ, ಅದನ್ನು ಗೋಡೆಯ ಮೇಲಿನ ಬೇಸ್ ಸ್ಟೇಷನ್‌ಗಳಿಗೂ ಕೊಡಬೇಕು, ಇಲ್ಲವಾದರೆ ಕರೆಂಟು ಹೋದ ಕ್ಷಣ ನಡೆಯುತ್ತಿರುವವನಿಗೆ ದಿಕ್ಕೇ ತೋಚದಂತಾಗುತ್ತದೆ. ಕಿಟಕಿಗಳಿಗೆ ದಪ್ಪ ಪರದೆ ಕಡ್ಡಾಯವಾಗಲಿ: ನೇರ ಬಿಸಿಲು ಹೆಡ್‌ಸೆಟ್‌ನ ಮಸೂರದ ಮೂಲಕ ಹಾದು ಒಳಗಿನ, ದೃಶ್ಯ ಮೂಡುವ ಪರದೆಯನ್ನು ಸುಟ್ಟುಬಿಡುತ್ತದೆ, ಬೆಳಗಾವಿಯ ಏಪ್ರಿಲ್ ಬಿಸಿಲಿಗೆ ಹೆಚ್ಚು ಹೊತ್ತು ಬೇಕಾಗಿಲ್ಲ. ಬಿಲ್ ಪಾವತಿಗೆ ಮುನ್ನ ಸರಬರಾಜುದಾರರು ಅದೇ ಕೋಣೆಯಲ್ಲಿ ವಿದ್ಯಾರ್ಥಿಯೊಬ್ಬನನ್ನು ನಡೆಸಿ, ಬಗ್ಗಿಸಿ, ಹಿಂದಕ್ಕೆ ತಿರುಗಿಸಿ, ಟ್ರ್ಯಾಕಿಂಗ್ ಎಲ್ಲಿಯೂ ತಪ್ಪುವುದಿಲ್ಲವೆಂದು ತೋರಿಸಬೇಕೆಂಬ ಷರತ್ತೂ ಅದರಲ್ಲಿರಲಿ.

ಇಂತಿ,
ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ,
ಟಿಳಕವಾಡಿ, ಬೆಳಗಾವಿ