ಮೊದಲು ಬಿಚ್ಚುವುದನ್ನು ಕಲಿ

ಪ್ರೀತಿಯ ಪುಟ್ಟೀ,

ಪುಷ್ಯ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಅಡಿಕೆಗೆ ಎರಡನೇ ಔಷಧಿ ಹೊಡೆಯಲು ಹೊಳವು ಕಾಯುತ್ತಾ ನಿನ್ನಪ್ಪ ಜಗಲಿಯಲ್ಲಿ ಕೂತಿದ್ದಾರೆ, ನಾನು ಹೊಲಿಗೆ ಮಿಷನ್ ಮುಂದೆ. ಮೊನ್ನೆ ನೀನು ಫೋನಿನಲ್ಲಿ, "ಅಮ್ಮಾ, ಅಜ್ಜಿ ಸೀರೆಯ ರವಿಕೆ ಹಿಡಿಯುತ್ತೆ, ಇಲ್ಲಿ ಕೊಟ್ರೆ ಹದಿನೈದು ದಿನ ಅಂತಾರೆ, ನಾನೇ ಮಾಡ್ಲಾ?" ಅಂದೆಯಲ್ಲ, ಆಗಿನಿಂದ ಅದೇ ಯೋಚನೆ. ಮಾಡು ಮಗಾ, ಖಂಡಿತ ಮಾಡು. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಕತ್ತರಿ ಮುಟ್ಟಬೇಡ. ರವಿಕೆಯನ್ನು ಒಳಮೈ ತಿರುವಿ ಕಿಟಕಿಯ ಬೆಳಕಿಗೆ ಹಿಡಿ. ತೋಳಿನ ಅಂಚಿನಿಂದ ಕಂಕುಳು ಹಾದು ಸೊಂಟದವರೆಗೆ ಒಂದರ ಪಕ್ಕ ಒಂದು ಮೂರು ಗೆರೆ ಹೊಲಿಗೆ ಕಾಣುತ್ತದೆ. ಹಾಕಿದ್ದು ನಾನೇ. ಆಗ ನೀನು ಪಿಯುಸಿ, ಇನ್ನೂ ಮೈ ತುಂಬುವ ಹುಡುಗಿ ಅಂತ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದೆ. ಗೆರೆಯಿಂದ ಗೆರೆಗೆ ಕಾಲು ಇಂಚು. ಮೈಗೆ ಹತ್ತಿರದ ಗೆರೆ ಬಿಚ್ಚಿದರೆ ಮುಂಭಾಗಕ್ಕೆ ಕಾಲು, ಹಿಂಭಾಗಕ್ಕೆ ಕಾಲು, ಒಂದು ಮಗ್ಗುಲಿಗೆ ಅರ್ಧ ಇಂಚು ಸಿಗುತ್ತದೆ. ಎರಡೂ ಮಗ್ಗುಲು ಸೇರಿ ಸುತ್ತಳತೆಗೆ ಒಂದು ಇಂಚು. ನಿನಗೆ ಅಷ್ಟೇ ಸಾಕಾಗಬಹುದು.

ಆದರೆ ಬಿಚ್ಚುವ ಮೊದಲು ಎರಡನೇ ಗೆರೆ ಗಟ್ಟಿ ಇದೆಯೋ ನೋಡಿಕೋ. ಹೊಲಿಗೆಯ ಅತ್ತಿತ್ತ ಬಟ್ಟೆ ಹಿಡಿದು ಮೆತ್ತಗೆ ಎಳೆ. ಹೊಲಿಗೆ ಹಲ್ಲು ಕಿರಿದರೆ ಅದರ ಮೇಲೇ ಹೊಸದಾಗಿ ಒಂದು ಸಾಲು ಹೊಲಿ, ಆಮೇಲೆ ಮೊದಲಿನದಕ್ಕೆ ಕೈ ಹಚ್ಚು. ಬ್ಲೇಡು ಬೇಡವೇ ಬೇಡ, ರೇಷ್ಮೆಯಲ್ಲಿ ಒಂದು ಸಲ ಜಾರಿದರೆ ಮುಗಿಯಿತು. ಹೊಲಿಗೆ ಬಿಚ್ಚುವ ರಿಪ್ಪರಿನ ಮೂತಿ ತೂರಿಸಿ ನಾಲ್ಕೈದು ಹೊಲಿಗೆಗೆ ಒಂದರಂತೆ ಒಂದೇ ಕಡೆಯ ದಾರ ಕತ್ತರಿಸುತ್ತಾ ಹೋಗು. ಆಮೇಲೆ ಬಟ್ಟೆ ಮಗುಚಿ ಆ ಕಡೆಯ ದಾರ ಎಳೆದರೆ ಉದ್ದಕ್ಕೆ ಬಿಚ್ಚಿಕೊಂಡು ಬರುತ್ತದೆ. ನಿಧಾನ ಮಾಡು ಕಣೇ. ನಾನು ಹೊಲಿಗೆ ಕಲಿಯುವಾಗ ಮೊದಲ ಎರಡು ತಿಂಗಳು ಬಿಚ್ಚಿದ್ದೇ ಹೆಚ್ಚು. ಹಳೇ ಅಂಗಿ ಬಿಚ್ಚಿದಾಗಲೇ ನನಗೆ ತೋಳು ಹೇಗೆ ಕೂತಿದೆ, ಮೈಯ ಆಕಾರಕ್ಕೆ ಹಿಡಿದ ಮಡಿಕೆ, ಅಂದರೆ ಟಕ್ಸ್, ಎಲ್ಲಿ ಮುಗಿಯುತ್ತದೆ ಅನ್ನುವುದು ಕಣ್ಣಿಗೆ ಕಂಡದ್ದು.

ರೇಷ್ಮೆಯಲ್ಲಿ ಹಳೇ ಸೂಜಿಯ ತೂತು ಪೂರ್ತಿ ಮುಚ್ಚುವುದಿಲ್ಲ. ಕಂಕುಳ ಕೆಳಗಲ್ಲವೇ, ಕಾಣುವುದಿಲ್ಲ ಬಿಡು. ನೀರು ಚಿಮುಕಿಸಿ ಉಜ್ಜಲು ಹೋಗಬೇಡ, ಕಲೆ ನಿಲ್ಲುತ್ತದೆ. ಮೇಲೊಂದು ಪಂಚೆ ತುಂಡು ಹಾಸಿ ಹಗುರ ಶಾಖದಲ್ಲಿ ಇಸ್ತ್ರಿ ತೋರಿಸಿದರೆ ಸಾಕು.

ರವಿಕೆಯ ಒಳಗೆ ಕೊಡುವ ಲೈನಿಂಗ್ ಬಟ್ಟೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ನಿನ್ನ ಚಿಕ್ಕಮ್ಮನಿಗೆ ಅಂತ ನಾನು ಹೊಲಿದ ಮೊದಲ ರೇಷ್ಮೆ ರವಿಕೆಗೆ ಲೈನಿಂಗನ್ನು ನೆನೆಸದೆ ಕತ್ತರಿಸಿದ್ದೆ. ಒಂದೇ ಒಗೆತಕ್ಕೆ ಒಳಗಿನ ಕಾಟನ್ ಕುಗ್ಗಿ, ಮೇಲಿನ ರೇಷ್ಮೆ ಕರಿದ ಹಪ್ಪಳದ ಹಾಗೆ ಉಬ್ಬಿ ನಿಂತಿತು. ಗೃಹಪ್ರವೇಶದ ಇಡೀ ದಿನ ಅವಳು ಸೆರಗು ಹೊದ್ದೇ ಓಡಾಡಿದಳು. ಅವಳು ಒಂದು ಮಾತೂ ಆಡಲಿಲ್ಲ, ನನಗೆ ಅದೇ ಹೆಚ್ಚು ಸಂಕಟವಾಯಿತು. ಈಗ ಲೈನಿಂಗ್ ಮನೆಗೆ ಬಂದ ದಿನವೇ ರಾತ್ರಿ ಬಕೆಟ್ಟಿಗೆ ಬೀಳುತ್ತದೆ. ಈ ಮಳೆಯಲ್ಲಿ ಒಣಗಬೇಕಲ್ಲ, ಬಚ್ಚಲ ಹಂಡೆಯ ಮೇಲಿನ ಗಳುವಿನಲ್ಲಿ ಎರಡು ದಿನ ತೂಗಬೇಕು. ತೂಗಲಿ.

ಭೀಮನಕೋಣೆಯ ಚರಕ ಕೈಮಗ್ಗ ಸಂಘದಿಂದ ತಂದ, ಅಡಿಕೆ ಬೇಯಿಸಿದ ಚೊಗರಿನ ಬಣ್ಣದ ಕುರ್ತಾದ ತೋಳು ಗಿಡ್ಡ ಮಾಡಬೇಕು ಅಂದಿದ್ದೆಯಲ್ಲ. ಒಗೆದು ಒಣಗಿಸಿಯೇ ಅಳತೆ ತೆಗೆ. ಆ ಬಣ್ಣಕ್ಕೆ ದಾರ ಹೊಂದಿಸುವುದು ಕಷ್ಟ. ಅಂಗಡಿಯಲ್ಲಿ ಉಂಡೆ ನೋಡಿ ತರಬೇಡ, ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಇಟ್ಟು, ಹೊರಗಿನ ಬೆಳಕಿಗೆ ಬಂದು ನೋಡು. ಒಂದೆಳೆಯಾದಾಗ ಬಣ್ಣ ತಿಳಿಯಾಗಿ ಕಾಣುತ್ತದೆ, ಹಾಗಾಗಿ ಸಂಶಯ ಬಂದರೆ ಒಂಚೂರು ಗಾಢವಾದದ್ದನ್ನೇ ತಗೋ. ಪ್ಯಾಂಟಿನ ಕಾಲು ಮಡಿಸುವುದಾದರೆ ಚಪ್ಪಲಿ ಮೆಟ್ಟಿ ನಿಂತು ಗುರುತು ಹಾಕಿಸಿಕೋ, ಅಷ್ಟೇ.

ನಿನ್ನ ರೂಮಿನವಳ ಮಿಷನ್ ದಾರ ಕತ್ತರಿಸುತ್ತದೆ ಅಂದೆಯಲ್ಲ, ಸೂಜಿ ತೆಗೆದು ನೋಡು. ಉದ್ದಕ್ಕೆ ಗೀರು ಇರುವ ಕಡೆಯಿಂದಲೇ ದಾರ ಪೋಣಿಸಬೇಕು. ಬಟ್ಟೆಯ ಅಡಿಗೆ ದಾರ ಗುಂಜು ಕಟ್ಟಿದರೆ ಎಲ್ಲರೂ ಅಡಿಯ ದಾರ ಸುತ್ತಿದ ಬಾಬಿನ್ನನ್ನು ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆ ಒತ್ತಿ ಹಿಡಿಯುವ ಮಿಷನ್ನಿನ ಕಾಲು ಎತ್ತಿಟ್ಟು ಮತ್ತೆ ಮೊದಲಿನಿಂದ ದಾರ ಹಾಕು. ಎಣ್ಣೆ ಬಿಟ್ಟ ಮೇಲೆ ಹಳೇ ಬಟ್ಟೆಯ ಮೇಲೆ ನಾಲ್ಕು ಸಾಲು ಓಡಿಸದೆ ಅಜ್ಜಿಯ ರೇಷ್ಮೆ ಮುಟ್ಟಿಸಬೇಡ.

ಪಾರ್ಸೆಲಿನಲ್ಲಿ ರಿಪ್ಪರು, 11, 14, 16 ನಂಬರಿನ ಸೂಜಿ, ನನ್ನ ಹಳೇ ಟೇಪು ಇಟ್ಟಿದ್ದೇನೆ. ರೇಷ್ಮೆಗೆ 11, ಕುರ್ತಾಕ್ಕೆ 14, ಜೀನ್ಸಿಗೆ 16. ಅದೇ ರವಿಕೆಯ ಉಳಿದ ತುಂಡೂ ಇದೆ. ಮೊದಲು ಅದರ ಮೇಲೆ ಹೊಲಿದು, ಬಿಚ್ಚಿ, ಮತ್ತೆ ಹೊಲಿ. ಒಂದು ಮಗ್ಗುಲು ಬಿಚ್ಚಿದ ಮೇಲೆ ತೊಟ್ಟು ನೋಡಿ ನನಗೆ ಫೋನ್ ಮಾಡು. ಮಧ್ಯಾಹ್ನ ಮಾಡು, ಸಂಜೆ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತದೆ.

ನಿನ್ನ
ಅಮ್ಮ