ಮದುವೆ ಮುಗಿದ ಮೇಲೆ ಬಂದ ಪರ್ಮಿಟ್

ಮಾನ್ಯ ಸಂಪಾದಕರೇ,

ಲಕ್ಷದ್ವೀಪಕ್ಕೆ ಹೋಗಲು ಪರ್ಮಿಟ್ ಈಗ ಸಲೀಸಾಗಿ ಸಿಗುತ್ತದೆ ಎಂಬ ವರದಿಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಓದಿ ಸುಮ್ನೆ ಕೂರಲು ಆಗಲಿಲ್ಲ. ನನ್ನ ಪರ್ಮಿಟ್ ಬಂದದ್ದೂ ಅದೇ ದಿನ. ನಾನು ಹೋಗಬೇಕಿದ್ದ ಮದುವೆ ಮುಗಿದು ಅಷ್ಟು ಹೊತ್ತಿಗೆ ಆರು ದಿನ ಆಗಿತ್ತು!

ಅಮಿನಿ ದ್ವೀಪದ ಆ ಮನೆಗೂ ನಮ್ಮ ಅಂಗಡಿಗೂ ಮೂರು ತಲೆಮಾರಿನ ನಂಟು. ಅಜ್ಜನ ಕಾಲದಲ್ಲಿ ಅವರು ಮಂಜಿ ಎಂಬ ಹಾಯಿಹಡಗಿನಲ್ಲಿ ಕೊಬ್ಬರಿ, ನಾರಿನ ಹಗ್ಗ ತಂದು ನಮ್ಮ ಹಳೆ ಬಂದರಿನಲ್ಲಿ ಇಳಿಸಿ, ಅಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದರು. ಗೆಳೆಯನ ತಂದೆಗೆ ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಆದಾಗ ಹದಿನೈದು ದಿನ ಇದ್ದದ್ದು ನಮ್ಮ ಮನೆಯಲ್ಲಿ. ಅವನ ಮಗಳ ಮದುವೆಗೆ ನಾನೇ ಹೋಗದಿದ್ದರೆ ಹೇಗೆ?

ಅವನೇ ಅಲ್ಲಿಂದ ಸ್ಪಾನ್ಸರ್ ಆದ. ಇಲ್ಲಿ ಪೊಲೀಸ್ ಸರ್ಟಿಫಿಕೇಟಿಗೆ ಎರಡು ಸಲ ಅಲೆದೆ. ಫೋಟೊ ಸರಿಯಿಲ್ಲ ಎಂದು ಅರ್ಜಿ ಒಮ್ಮೆ ವಾಪಸ್. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ ಇದೆ, ಅರ್ಜಿಯಲ್ಲಿ ಮುಂದೆ ಇದೆ ಎಂದು ಇನ್ನೊಮ್ಮೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಒಂದು ದಿನ ಎತ್ತಿದವರು "ಸಾಹೇಬರು ರಜೆ" ಎಂದು ಇಟ್ಟುಬಿಟ್ಟರು. ಮೂರು ದಿನ ಅಂಗಡಿ ಬಾಗಿಲು ಹಾಕಿದ್ದಾಯಿತು. ಹಡಗು ಹಿಡಿಯಲು ಕೊಚ್ಚಿಗೆ ತೆಗೆದಿದ್ದ ರೈಲು ಟಿಕೆಟ್ ಹಾಳಾಯಿತು. ಮದುಮಗಳಿಗೆಂದು ನನ್ನ ಹೆಂಡತಿ ತಂದ ಬಟ್ಟೆ ಇನ್ನೂ ಕಪಾಟಿನಲ್ಲೇ ಇದೆ.

1956ರ ನವೆಂಬರ್ 1ರ ತನಕ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರಿಗೆ ಕಲೆಕ್ಟರ್ ಇದ್ದದ್ದು ಮಂಗಳೂರಿನಲ್ಲಿ. ಈಗ ಆ ನೆಂಟಸ್ತಿಕೆಗೆ ಒಂದು ಕಾಗದದಷ್ಟೂ ಬೆಲೆಯಿಲ್ಲ.

ಪರ್ಮಿಟ್ಟೇ ಬೇಡ ಅಂತ ನಾನು ಹೇಳುತ್ತಿಲ್ಲ. 1967ರಿಂದ ಇರುವ ಆ ನಿಯಮ ದ್ವೀಪದವರ ಕಾವಲಿಗಾಗಿ ಇರುವುದು, ಇರಲಿ. ಎಲ್ಲ ದ್ವೀಪ ಸೇರಿಸಿದರೂ 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಲ್ಲಿ 64,473 ಜನ, ಹೆಚ್ಚುಕಡಿಮೆ ಎಲ್ಲರೂ ಪರಿಶಿಷ್ಟ ಪಂಗಡದವರು. ಹೊರಗಿನವರು ನುಗ್ಗಿದರೆ ಅವರು ಎಲ್ಲಿಗೆ ಹೋಗಬೇಕು?

ಆದರೆ 2021ರಲ್ಲಿ ಈ ಕಾವಲು ಎಲ್ಲಿತ್ತು? ಯಾರ ಜಾಗವನ್ನಾದರೂ ಅಭಿವೃದ್ಧಿಗೆ ತೆಗೆದುಕೊಳ್ಳಲು ದಾರಿ ಮಾಡುವ ಕರಡು ಕಾನೂನನ್ನು ಅಲ್ಲಿಯ ಆಡಳಿತವೇ ತಂದಿತು. ಜೂನ್ 7ರಂದು ದ್ವೀಪದ ಜನ ಮನೆಮನೆಯಲ್ಲಿ ಉಪವಾಸ ಕೂತರು. ಪಂಚಾಯತ್ ನೋಡಿಕೊಳ್ಳುತ್ತಿದ್ದ ಶಾಲೆ, ಆಸ್ಪತ್ರೆ, ಮೀನುಗಾರಿಕೆ, ಕೃಷಿಯ ಅಧಿಕಾರವನ್ನೂ ಅದೇ ವರ್ಷ ಆಡಳಿತ ವಾಪಸ್ ತೆಗೆದುಕೊಂಡಿತು. ಅಲ್ಲಿ ವಿಧಾನಸಭೆ ಇಲ್ಲ, ಇರುವುದು ಒಬ್ಬ ಸಂಸದ. ಸಂವಿಧಾನದ 240ನೇ ವಿಧಿಯ ಬಲದಲ್ಲಿ ದೆಹಲಿಯಿಂದಲೇ ಅವರಿಗೆ ಕಟ್ಟಳೆ ಬರುತ್ತದೆ. ಅಲ್ಲಿ ಹುಟ್ಟಿದವರ ಮಾತೇ ನಡೆಯುವುದಿಲ್ಲ, ಅವರು ಕರೆದ ನೆಂಟನ ಅರ್ಜಿ ಯಾರಿಗೆ ಬೇಕು, ಅಲ್ವಾ?

ಇಲ್ಲಿಯ ಕಚೇರಿಗಳೂ ಕಡಿಮೆಯೇನಿಲ್ಲ. ಅಂಗಡಿ ಲೈಸೆನ್ಸ್ ನವೀಕರಣಕ್ಕೆ ನನ್ನನ್ನು ಮಳೆಗಾಲ ಪೂರ್ತಿ ಅಲೆಸಿದ್ದರು. ರೇಷನ್ ಕಾರ್ಡಿನಲ್ಲಿ ಅಮ್ಮನ ಹೆಸರು ತಿದ್ದಿಸಲು ಒಂದು ವರ್ಷ ಹಿಡಿಯಿತು. ತಪ್ಪು ಅವರದು, ಓಡಾಟ ನಮ್ಮದು.

ಇಷ್ಟು ದಿನದೊಳಗೆ ಪರ್ಮಿಟ್ ಕೊಡುತ್ತೇವೆ ಎಂದು ಬೋರ್ಡು ಹಾಕಲಿ. ಆಗದಿದ್ದರೆ ಮೊದಲೇ ಇಲ್ಲ ಅನ್ನಲಿ. ಮೇಲೆ ಕೂತವರು ಯಾರಾದರೂ ಇವರನ್ನು ಕರೆದು ಕೇಳಲಿ. ಅರ್ಜಿಯ ಜೊತೆ ಮದುವೆ ಕಾಗದ ಇಟ್ಟಿದ್ದೆ. ತಾರೀಕು ದಪ್ಪ ಅಕ್ಷರದಲ್ಲಿತ್ತು. ಅಷ್ಟನ್ನು ಓದಲೂ ಇವರಿಗೆ ಪುರುಸೊತ್ತಿರಲಿಲ್ಲವಾ?

– ಬಂದರಿನ ಒಬ್ಬ ವ್ಯಾಪಾರಿ, ಮಂಗಳೂರು