ದುಡ್ಡು ಪಡೆಯಲು ಪಿನ್ ಏಕೆ?

ಮಾನ್ಯರೇ,

ಹಳೆಯ ಸೋಫಾವೋ ಫ್ರಿಜ್ಜೋ ಮಾರಾಟಕ್ಕಿದೆ ಎಂದು ಆನ್‌ಲೈನ್‌ನಲ್ಲಿ ಹಾಕಿದ ಸ್ವಲ್ಪ ಹೊತ್ತಿಗೇ ಫೋನ್ ಬರುತ್ತದೆ. ತಾನು ಸೇನೆಯಲ್ಲಿದ್ದೇನೆ, ಈ ಊರಿಗೆ ವರ್ಗವಾಗಿದೆ, ಬಂದು ನೋಡಲು ಪುರುಸೊತ್ತಿಲ್ಲ, ಗಾಡಿ ಕಳಿಸುತ್ತೇನೆ ಎನ್ನುತ್ತಾರೆ. ಚೌಕಾಸಿಯೇ ಇಲ್ಲ! ಹಳೇ ಸಾಮಾನಿಗೆ ಹೇಳಿದಷ್ಟೇ ಕೊಡುವ ಗಿರಾಕಿಯನ್ನು ನಾವು ಕಂಡಿದ್ದುಂಟೇ? ಸಮವಸ್ತ್ರದ ಫೋಟೊ, ಗುರುತಿನ ಚೀಟಿ ವಾಟ್ಸ್ಆ್ಯಪ್‌ಗೆ ಬರುತ್ತವೆ. ಹಿಂದೆಯೇ ಕ್ಯುಆರ್ ಕೋಡ್: ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಜಮಾ ಆಗುತ್ತದೆ.’ ನಂಬಿಕೆ ಹುಟ್ಟಲೆಂದು ಮೊದಲು ಐದೋ ಹತ್ತೋ ರೂಪಾಯಿ ಹಾಕುವುದೂ ಉಂಟು.

ಇದು ವಂಚನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ; ಹೀಗೆ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ನಮ್ಮ ಖಾತೆಯಿಂದಲೇ ಹೋಗುತ್ತದೆ. ‘ತಪ್ಪಿ ಹೆಚ್ಚು ಹಾಕಿಬಿಟ್ಟೆ, ವಾಪಸ್ ಕಳಿಸಿ’ ಎಂದರೆ ಹಣ ಬಂದಿದೆ ಎನ್ನುವ ಎಸ್ಸೆಮ್ಮೆಸ್ ನಂಬದೆ ಖಾತೆಯನ್ನೇ ನೋಡಿ. ನಿಜವಾದ ಪರವೂರಿನ ಗಿರಾಕಿಯಾದರೆ ಇಲ್ಲಿನ ಪರಿಚಯದವರನ್ನು ಕಳಿಸಿ ವಸ್ತು ನೋಡಿಸಲಿ, ಹಣ ಖಾತೆಗೆ ಬಂದ ಮೇಲೆ ಒಯ್ಯಲಿ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಜಾಹೀರಾತು ತಾಣಗಳು ಈ ಎಚ್ಚರಿಕೆಯನ್ನು ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಅಡಗಿಸದೆ, ಚಾಟ್ ತೆರೆದ ಕೂಡಲೇ ಕನ್ನಡದಲ್ಲಿ ಕಾಣುವಂತೆ ಹಾಕಲಿ.

– ಓದುಗ, ದಾವಣಗೆರೆ